ಸೋರಿದ್ದು ಯಾರ ಲೆಕ್ಕಕ್ಕೆ?

ಚಂದ್ರಗುತ್ತಿಯ ರೇಣುಕಾಂಬೆಗೆ ಮನೆ ಕಟ್ಟಿಸುವ ತಾಪತ್ರಯ ಬರಲಿಲ್ಲ. ಗುಡ್ಡವೇ ಗುಹೆ ಕೊಟ್ಟಿತು, ಭಕ್ತರು ಅದರ ಮುಂದೆ ಕಲ್ಲಿನ ಮಂಟಪ ಎಬ್ಬಿಸಿದರು. ಗುಡ್ಡದ ಕೆಳಗಿರುವ ನಮ್ಮಂಥವರ ಪಾಡು ಬೇರೆ. ಇಂಜಿನಿಯರ್ ಶಿವಮೊಗ್ಗದಲ್ಲಿ, ಮೇಸ್ತ್ರಿ ಸೊರಬದಲ್ಲಿ, ಸೆಂಟ್ರಿಂಗ್‌ನವರು ಶಿರಾಳಕೊಪ್ಪದಲ್ಲಿ, ಸಾಲ ಬ್ಯಾಂಕಿನಲ್ಲಿ. ಮನೆ ಕಟ್ಟಿ ನೋಡು ಎಂದು ಗಾದೆ ಮಾಡಿದವನು ಇಷ್ಟೆಲ್ಲ ಜನರಿಗೆ ಫೋನ್ ಮಾಡಿರಲಾರ.

ನಮ್ಮ ಕಡೆ ಕಟ್ಟಿದ ಮನೆಗೆ ಪರೀಕ್ಷೆ ನಡೆಸುವುದು ಜೂನ್ ತಿಂಗಳು. ಪರಿಚಯದ ಗೌಡರೊಬ್ಬರ ಹೊಸ ಮನೆ ಮೊದಲ ಮಳೆಗೇ ಮೂಲೆಯಲ್ಲಿ ಒಸರಿತು. ಇಂಜಿನಿಯರನ್ನು ಕೇಳಿದರೆ, "ನಕ್ಷೆಯಲ್ಲಿ ಇಳಿಜಾರು ತೋರಿಸಿದ್ದೀನಲ್ಲ ಸರ್" ಎಂದರು. ಮೇಸ್ತ್ರಿ, "ಹಾಳೆ ಮೇಲೆ ಇಳಿಜಾರು ಬರೆಯೋದು ಸಲೀಸು ಗೌಡ್ರೇ. ಸೆಂಟ್ರಿಂಗ್‌ನೋರು ಹಲಗೆ ಸಮ ಹೊಡೆದ್ರೆ ನಾನೇನ್ ಮಾಡ್ಲಿ?" ಎಂದ. ಸೆಂಟ್ರಿಂಗ್‌ನವರು ಅಷ್ಟರಲ್ಲಿ ಬೇರೆ ಊರಿನಲ್ಲಿ ಹಲಗೆ ಹೊಡೆಯುತ್ತಿದ್ದರು. ಮೂವರೂ ಹೇಳಿದ್ದು ನಿಜವೇ ಇರಬಹುದು. ಕೊನೆಗೆ ಗೌಡರು ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸಿದರು. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಮಲೆನಾಡಿನಲ್ಲಿ ಈಗ ಇಂಥ ಟೋಪಿ ಹಾಕಿಕೊಂಡ ಮನೆಗಳೇ ಹೆಚ್ಚು. ಅಡಿಕೆ ಒಣಗಿಸಲು ಜಾಗವಾಯಿತು ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಅಡಿಕೆ ಒಣಗಿಸುವ ಮನೆ ಎಂದು ಮೊದಲೇ ಗೊತ್ತಿದ್ದರೆ ಒಂದೇ ಮಾಡಿನಲ್ಲಿ ಮುಗಿಯುತ್ತಿತ್ತು. ಅದನ್ನು ನಕ್ಷೆ ಬರೆಯುವವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಹಿಂದೆ ಈ ಜಗಳಕ್ಕೆ ಜಾಗವಿರಲಿಲ್ಲ. ಆಚಾರಿ ಬಂದು ಜಾಗ ನೋಡಿ ಆಯ ಹಾಕುತ್ತಿದ್ದ. ಎಂಟರ ಲೆಕ್ಕದಲ್ಲಿ ಉಳಿದ ಶೇಷ ನೋಡಿ, ನಾಯಿ, ಕತ್ತೆ, ಕಾಗೆಗಳ ಆಯ ತಪ್ಪಿಸಿ, ಧ್ವಜವೋ ಸಿಂಹವೋ ಬರುವಂತೆ ಅಳತೆ ಹೊಂದಿಸುತ್ತಿದ್ದ. ಕತ್ತೆಯ ಆಯದ ಮನೆಯಲ್ಲಿ ಸುಖವಾಗಿ ಬಾಳಿದವರೂ ಇದ್ದಿರಬೇಕು, ಆ ಮಾತು ಬಿಡಿ. ಲೆಕ್ಕ ಹಾಕಿದ ಕೈಯೇ ತೊಲೆ ಕೆತ್ತಿ ಪಕಾಸು ಜೋಡಿಸುತ್ತಿತ್ತು ಎಂಬುದು ಮುಖ್ಯ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಸೋಗೆಯ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಹಂಚಿಗೆ ಇಳಿಜಾರು ಕಡಿಮೆಯಾದರೆ ಗಾಳಿಮಳೆಯ ನೀರು ಸಂದಿಯಲ್ಲಿ ಒಳನುಗ್ಗುತ್ತದೆ, ಜಾಸ್ತಿಯಾದರೆ ಹಂಚೇ ಜಾರುತ್ತದೆ. ಇದನ್ನು ಕಲಿಯಲು ಆಚಾರಿ ಕಾಲೇಜಿಗೆ ಹೋಗಬೇಕಿರಲಿಲ್ಲ. ತಪ್ಪಿದರೆ ಮುಂದಿನ ಮಳೆಗಾಲ ಅದೇ ಊರಿನಲ್ಲಿ ತಿರುಗಾಡಬೇಕಾಗಿತ್ತು, ಅಷ್ಟೇ ಸಾಕಿತ್ತು.

ಜಂಬಿಟ್ಟಿಗೆ ಕಲ್ಲಿನ ಕತೆಯೂ ಹೀಗೆಯೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಬಗ್ಗೆ 1807ರ ತನ್ನ ಪುಸ್ತಕದಲ್ಲಿ ಬರೆದ. ಇವತ್ತು ಈ ಕಲ್ಲಿನ ಪರಿಚಯವಿಲ್ಲದವರು ನಗರದಲ್ಲಿ ಕೂತು ಇಟ್ಟಿಗೆಯ ಗೋಡೆ ಲೆಕ್ಕ ಹಿಡಿದು ನಕ್ಷೆ ಎಳೆದಿರುತ್ತಾರೆ. ಇಲ್ಲಿ ಲಾರಿಯಿಂದ ಇಳಿಯುವುದು ಜಂಬಿಟ್ಟಿಗೆ. ಕಲ್ಲು ದಪ್ಪವಾದಷ್ಟು ಕೋಣೆ ಕಿರಿದಾಗುತ್ತದೆ. ಗೃಹಪ್ರವೇಶದ ಮರುದಿನ ಮಗಳ ಮದುವೆಯ ಬೀರು ಬಾಗಿಲ ಬಳಿ ಸಿಕ್ಕಿಕೊಂಡು ನಿಂತಾಗ ಈ ಸತ್ಯ ಮನೆಯವರಿಗೆಲ್ಲ ಒಟ್ಟಿಗೆ ಹೊಳೆಯುತ್ತದೆ.

ಈಗ "ಪ್ಲಾನ್‌ನಿಂದ ಗೃಹಪ್ರವೇಶದವರೆಗೆ ಎಲ್ಲವೂ ನಮ್ಮದೇ" ಎನ್ನುವವರು ತಾಲ್ಲೂಕು ಕೇಂದ್ರಗಳಿಗೂ ಬಂದಿದ್ದಾರೆ. ಕೆಲವರು ಇದನ್ನು ಬೆಂಗಳೂರಿನ ಶೋಕಿ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಇದು ಹಳೆಯ ಆಚಾರಿಯೇ ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡು ವಾಪಸು ಬಂದದ್ದು. ನಮ್ಮಲ್ಲಿ ಕಟ್ಟುವ ಕಾಲ ದೀಪಾವಳಿಯಿಂದ ಮೇವರೆಗೆ ಮಾತ್ರ. ನಕ್ಷೆ ಪೂರ್ತಿ ಮುಗಿದು, ಕೊಟೇಶನ್ ತರಿಸಿ, ಚೌಕಾಸಿ ಮಾಡಿ ಮೇಸ್ತ್ರಿ ಗೊತ್ತಾಗುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. ಬರೆಯುವವರೂ ಕಟ್ಟುವವರೂ ಒಂದೇ ತಂಡವಾದರೆ ಅಡುಗೆಮನೆಯ ಕಟ್ಟೆ ಎಲ್ಲಿ ಎಂಬ ಚರ್ಚೆ ನಡೆಯುತ್ತಿರುವಾಗಲೇ ಅಡಿಪಾಯ ತೆಗೆಯಬಹುದು. ಯಾವ ಕಲ್ಲು, ಎಷ್ಟು ಕಬ್ಬಿಣ ಎನ್ನುವುದು ಎಳೆಯುವ ಹೊತ್ತಿಗೇ ಗೊತ್ತಿರುವುದರಿಂದ ಚದರದ ಲೆಕ್ಕ ಅರ್ಧ ದಾರಿಯಲ್ಲಿ ಹಿಗ್ಗುವುದೂ ಕಡಿಮೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡಿದ್ದು ಇದನ್ನೇ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ನೆಲೆಸಿದ ಆತ, ಕೆಲಸದ ಜಾಗದಲ್ಲೇ ನಿಂತು, ಸಿಕ್ಕಿದ ಕಾಗದದ ಮೇಲೆ ಚಿತ್ರ ಬರೆದು, ತನ್ನದೇ ಗಾರೆಯವರಿಂದ ಕಟ್ಟಿಸುತ್ತಿದ್ದ. 1990ರಲ್ಲಿ ಪದ್ಮಶ್ರೀ ಬಂತು.

ಎಲ್ಲವೂ ಒಬ್ಬನದೇ ಎಂದಾಗ ಅವನ ತಪ್ಪು ಹಿಡಿಯುವವರು ಯಾರು ಎಂದು ನೀವು ಕೇಳಬಹುದು. ಕೇಳಲೇಬೇಕು. ಬೇರೆ ಇಂಜಿನಿಯರ್ ಇದ್ದರೆ ಸಿಮೆಂಟ್ ಎಷ್ಟು ಬಿತ್ತು, ಕಬ್ಬಿಣ ಎಷ್ಟು ದಪ್ಪ ಎಂದು ಇಣುಕುತ್ತಾರೆ. ಒಂದೇ ಮನೆಯ ಅತ್ತೆ ಸೊಸೆ ಒಂದಾದರೆ ಮಾವನಿಗೆ ಸುದ್ದಿಯೇ ಸಿಗುವುದಿಲ್ಲ. ಮೂರೂಮುಕ್ಕಾಲು ಸಾವಿರ ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಇದಕ್ಕೆ ದಾರಿ ಕಂಡುಕೊಂಡಿದ್ದ: ಗೋಡೆ ವಾಲಿದರೆ ಕಟ್ಟಿದವನು ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು, ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೂ ಮರಣದಂಡನೆ. ಎರಡನೆಯದು ನಮ್ಮ ತಾಲ್ಲೂಕಿಗೆ ಅತಿಯಾಯಿತು. ಮೊದಲನೆಯದನ್ನು ಕರಾರಿನಲ್ಲಿ ಬರೆಸಿಕೊಳ್ಳಲು ಅಡ್ಡಿಯಿಲ್ಲ.

ಆದ್ದರಿಂದ ಮನೆ ಕಟ್ಟಿಸಲು ಹೊರಟವರಲ್ಲಿ ಒಂದು ವಿನಂತಿ. ನಕ್ಷೆಯೂ ಕಟ್ಟಡವೂ ಒಬ್ಬರ ಕೈಯಲ್ಲೇ ಇರಲಿ, ಆದರೆ ಹಣವನ್ನು ಹಂತ ಹಂತವಾಗಿ ಕೊಡಿ, ಪಾಯಕ್ಕೊಮ್ಮೆ, ಸ್ಲ್ಯಾಬಿಗೊಮ್ಮೆ ಹೊರಗಿನ ಇಂಜಿನಿಯರ್‌ಗೆ ಫೀಸು ಕೊಟ್ಟು ತೋರಿಸಿ. ಮುಂಗಡ ಕೊಡುವ ಮುಂಚೆ, ಅವರು ಮೂರ್ನಾಲ್ಕು ವರ್ಷ ಹಿಂದೆ ಕಟ್ಟಿದ ಮನೆಯೊಂದನ್ನು ನೋಡಿ ಬನ್ನಿ. ಆಷಾಢದಲ್ಲೇ ಹೋಗಿ.