ನೆಗಮಂ ಸೀಮೆಯ ಹಿಮಜಾರಾಟದಲ್ಲಿ ದ್ವಿಮುಖ ರೇಡಿಯೋದ ಆಯ್ಕೆ: ಒಂದು ತಾತ್ವಿಕ ಪೂರ್ವಪೀಠಿಕೆ

ನೆಗಮಂನಲ್ಲಿ ಹಿಮ ಬೀಳುವುದಿಲ್ಲ. ತಮಿಳುನಾಡಿನ ಪೊಳ್ಳಾಚಿ ಸೀಮೆಯ ತೆಂಗಿನ ತೋಟಗಳ ನಡುವಿನ ಈ ಊರಿನಲ್ಲಿ ಜಾರಬೇಕೆಂದರೆ ಮಳೆಗಾಲದ ಬಚ್ಚಲ ಕಲ್ಲೇ ಗತಿ. ಸಂಶೋಧನೆಗೆ ಇದು ಅಡ್ಡಿಯಲ್ಲ. ಅನುಪಸ್ಥಿತಿಯೇ ಸಾಂದ್ರವಾದ ಉಪಸ್ಥಿತಿ ಎಂಬುದು ನಮ್ಮ ವಿಚಾರ ಸಂಕಿರಣಗಳಲ್ಲಿ ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಇನ್ನೊಮ್ಮೆ ಸಾಬೀತಾಗುತ್ತಲೇ ಇದೆ. ಆದ್ದರಿಂದ ‘ಹಿಮರಹಿತ ಜಾರುನೆಲೆಗಳಲ್ಲಿ ಸಂವಹನದ ಸಾಧ್ಯತೆಗಳು ಮತ್ತು ಸವಾಲುಗಳು’ ಎಂಬ ವಿಷಯಕ್ಕೆ ನೆಗಮಂಗಿಂತ ಯೋಗ್ಯ ಅಧ್ಯಯನ ಕ್ಷೇತ್ರ ಸಿಗಲಾರದು.

ಮೊದಲು ಸ್ವರೂಪ ಮೀಮಾಂಸೆ. ಪಾಮರರು ವಾಕಿಟಾಕಿ ಎನ್ನುವ ಈ ಬಹುಸ್ತರೀಯ ಸಂಕಥನ ಪರಿಕರವು ಗುಂಡಿ ಒತ್ತಿದಾಗ ನುಡಿಯುತ್ತದೆ, ಬಿಟ್ಟಾಗ ಕೇಳುತ್ತದೆ. ನುಡಿಯುವಾಗ ಕೇಳಲಾರದು. ಈ ಮುಖಾಮುಖಿಯ ನೆಲೆಗಟ್ಟಿನಲ್ಲಿ ರೇಡಿಯೋಗಳನ್ನು ಪ್ರಭುತ್ವಸಮ್ಮತ, ಪ್ರಭುತ್ವವಿಮುಖ, ಪ್ರಭುತ್ವನಿರಪೇಕ್ಷ ಎಂದು ಮೂರಾಗಿ ವಿಂಗಡಿಸಬಹುದು.

ಪ್ರಭುತ್ವಸಮ್ಮತವಾದದ್ದು 446.0ರಿಂದ 446.2 ಮೆಗಾಹರ್ಟ್ಸ್ ಆವರ್ತನದ, ಅರ್ಧ ವಾಟ್‌ನ ಸೆಟ್ಟು. 2018ರ ನಿಯಮದ ಪ್ರಕಾರ ಇದನ್ನು ಬಳಸಲು ಲೈಸೆನ್ಸ್ ಬೇಡ. ಆದರೆ ಆ ಮಾದರಿಗೆ ಸರ್ಕಾರದ ಅನುಮೋದನೆ ಇರಬೇಕು. ಪ್ರಭುತ್ವವಿಮುಖವಾದದ್ದು ಅಮೆರಿಕದ ಭಾವ ಸೂಟ್‌ಕೇಸಿನಲ್ಲಿ ತಂದುಕೊಡುವ ಜೋಡಿ. ಅದು ಮಾತಾಡುವುದು 462 ಮತ್ತು 467 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಅಲ್ಲಿ ಮಕ್ಕಳಾಟಿಕೆ, ಇಲ್ಲಿ ಅಪರಾಧ. ಇಂಥವನ್ನು ಲೈಸೆನ್ಸಿನ ಬಗ್ಗೆ ಏನೂ ಹೇಳದೆ ಮಾರುವ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಮೂರನೆಯ ವರ್ಗದಲ್ಲಿ ಶೀರ್ಷಿಕೆ ಬಿಟ್ಟರೆ ಏನೂ ಇಲ್ಲ. ಎರಡೇ ಇದ್ದರೆ ವರ್ಗೀಕರಣಕ್ಕೆ ಗಾಂಭೀರ್ಯ ಬರುವುದಿಲ್ಲವೆಂದು ಹುಟ್ಟಿಸಿದ್ದು. ಅದರ ಆರು ಉಪವರ್ಗಗಳನ್ನೂ ಇಲ್ಲಿಗೇ ಕೈಬಿಟ್ಟಿದ್ದೇನೆ.

ಇನ್ನು ವ್ಯಾಪ್ತಿಯ ಪರಿಪ್ರೇಕ್ಷ್ಯ. ಡಬ್ಬಿಯ ಮೇಲೆ 35 ಮೈಲಿ ಎಂದು ಅಚ್ಚಾಗಿರುತ್ತದೆ. ಒಂದು ಶಿಖರದಿಂದ ಇನ್ನೊಂದು ಶಿಖರಕ್ಕೆ, ನಡುವೆ ಏನೂ ಅಡ್ಡವಿಲ್ಲದಾಗ ಹೇಳಿದ ಮಾತು ಅದು. ಗುಲ್ಮಾರ್ಗ್‌ನ ಅಫರ್ವಟ್ ಇಳಿಜಾರಿನಲ್ಲಿ ನಿಮಗೂ ಗೆಳೆಯನಿಗೂ ನಡುವೆ ಒಂದು ದಿಣ್ಣೆ ಬಂದರೆ ಒಂದೆರಡು ಕಿಲೋಮೀಟರಿಗೇ ದನಿ ಕಡಿಯಬಹುದು. ಡಬ್ಬಿಯ 35 ಮೈಲಿಯೂ ಪ್ರಬಂಧಗಳ ‘ಜಾಗತಿಕ ಆಯಾಮ’ವೂ ಒಂದೇ ಕಾರ್ಖಾನೆಯ ಮಾಲು. ‘ಪ್ರೈವೆಸಿ ಕೋಡ್’ ಎಂಬ ಇನ್ನೊಂದು ಸೌಲಭ್ಯವಿದೆ. ಅದು ನಿಮ್ಮ ಮಾತನ್ನು ಬೇರೆಯವರಿಂದ ಮುಚ್ಚಿಡುವುದಿಲ್ಲ. ಬೇರೆಯವರ ಮಾತು ನಿಮ್ಮ ಕಿವಿಗೆ ಬೀಳದಂತೆ ತಡೆಯುತ್ತದೆ, ಅಷ್ಟೆ. ಇದನ್ನು ನಮ್ಮ ವಿದ್ವತ್ ವಲಯ ಯಂತ್ರದ ನೆರವಿಲ್ಲದೆಯೇ ಸಾಧಿಸಿದೆ. ಚಳಿಗೆ ಲಿಥಿಯಂ ಬ್ಯಾಟರಿ ಸೊರಗುವುದರಿಂದ ಸೆಟ್ಟು ಕೋಟಿನ ಒಳಜೇಬಿನಲ್ಲಿರಲಿ, ಗ್ಲೌಸ್ ಹಾಕಿದ ಬೆರಳಿಗೂ ಗುಂಡಿ ಸಿಗುವಂತಿರಲಿ. ನೆಗಮಂನ ಏಪ್ರಿಲ್ ಬಿಸಿಲಿನಲ್ಲಿ ಈ ಸಮಸ್ಯೆ ಇನ್ನೂ ವರದಿಯಾಗಿಲ್ಲ.

ಈ ಯಂತ್ರಕ್ಕೆ ಒಂದು ರೋಗವಿದೆ. ಒಬ್ಬನ ಗುಂಡಿ ಒಳಗೇ ಸಿಕ್ಕಿಕೊಂಡರೆ ಇಡೀ ಚಾನೆಲ್ ಅವನೊಬ್ಬನದೇ. ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ತಮಾಷೆಯೆಂದರೆ ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಎಲ್ಲರೂ ತದೇಕಚಿತ್ತದಿಂದ ಕೇಳುತ್ತಿದ್ದಾರೆ ಎಂದೇ ಅವನ ನಂಬಿಕೆ.

ಗಡಿನಾಡ ಕನ್ನಡದ ಸಂಕಿರಣಗಳಲ್ಲಿ ಕೂತೆದ್ದವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. 1956ರವರೆಗೆ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ನಡುವೆ ಗೆರೆ ಎಳೆದಾಗ ಅದು ಮೈಸೂರಿಗೆ ಬಂತು, ನೆಗಮಂನ ದೇವಾಂಗ ನೇಕಾರರ ಕನ್ನಡ ಆಚೆಯೇ ಉಳಿಯಿತು. ಮನೆಮಾತು ಕನ್ನಡ, ಮಕ್ಕಳ ಓದುಬರಹ ತಮಿಳು. ಅಂಥ ಮನೆಗೆ ಹೋಗಿ, ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವರ ಮೂತಿಗೆ ರೆಕಾರ್ಡರ್ ಹಿಡಿದು, ಮಳೆಗೆ ಏನಂತೀರಿ, ಅತ್ತಿಗೆಗೆ ಏನಂತೀರಿ ಎಂದು ಕೇಳಿ, ಕಾಫಿ ಕುಡಿದು ಬಸ್ಸು ಹತ್ತಿದರೆ ಆಯಿತು: ‘ಅಂಚಿನ ಸಮುದಾಯದ ಭಾಷಿಕ ಸ್ಮೃತಿ’ ಸಿದ್ಧ. ನೂಲಿನ ದರ ಹೀಗೇ ಏರಿದರೆ ಏನು ಮಾಡೋಣ ಎಂದು ಅವರು ಕೇಳಿದ್ದಕ್ಕೆ ಉತ್ತರವಿಲ್ಲ. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಪವರ್‌ಲೂಮಿನವನು ಅದೇ ಹೆಸರಲ್ಲಿ ಮಾರಿದರೆ ಯಾರ ಹತ್ತಿರ ಹೋಗಬೇಕು? ಅದಕ್ಕೂ ಇಲ್ಲ. ಆ ಪ್ರಬಂಧವನ್ನು ಅವರು ಓದಲಾರರು, ಓದಿ ಹೇಳುವವರೂ ಇಲ್ಲ. ಇದಕ್ಕೆ ಕ್ಷೇತ್ರಕಾರ್ಯ ಎಂದು ಹೆಸರು. ನನ್ನ ಬಾಯಲ್ಲಿ ಬೇರೆ ಹೆಸರು ಬರುತ್ತದೆ, ಅಚ್ಚಿಗೆ ತಕ್ಕದ್ದಲ್ಲ.

ಪರಿಪ್ರೇಕ್ಷ್ಯವಿಲ್ಲದೆಯೂ ಇಳಿಜಾರಿನಲ್ಲಿ ಸಂಪರ್ಕ ಸಾಧ್ಯವೆಂಬುದಕ್ಕೆ ಸಾಕ್ಷಿ ದೂರವೇನಿಲ್ಲ. 40 ಹೇರ್‌ಪಿನ್ ತಿರುವು ಹತ್ತಿದರೆ ವಾಲ್ಪಾರೈ. ಅಲ್ಲಿನ ಟೀ ತೋಟಗಳಲ್ಲಿ ಆನೆ ಎಲ್ಲಿದೆಯೆಂದು ಕೆಲಸಗಾರರಿಗೆ ಎಸ್‌ಎಂಎಸ್ ಹೋಗುತ್ತದೆ. ಎಚ್ಚರಿಕೆಗೆಂದು, ಮೊಬೈಲಿನಿಂದ ಒಂದು ಕರೆ ಮಾಡಿದರೆ ಉರಿಯುವ ಕೆಂಪು ದೀಪಗಳಿವೆ. ಈ ಕೆಲಸಕ್ಕೆ ವನ್ಯಜೀವಿ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಸಂಜೆ ಮನೆಗೆ ನಡೆದುಹೋಗುವ ಹೆಂಗಸಿಗೆ ಬೇಕಾದದ್ದು ಒಂದೇ ಸುದ್ದಿ. ಅದು ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ಹಿಮದ ಮೇಲೆ ಜಾರಹೊರಟವರು 446 ಮೆಗಾಹರ್ಟ್ಸ್‌ನ ಅನುಮೋದಿತ ಸೆಟ್ಟು ಕೊಳ್ಳಿ, ಮುಗಿಯಿತು. ಸಂಕಿರಣ ಏರ್ಪಡಿಸುವವರಲ್ಲಿ ಮಾತ್ರ ಒಂದು ಬಿನ್ನಹ: ಮುಂದಿನ ಸಲ ಆಶಯ ಭಾಷಣದ ಹೊತ್ತನ್ನು ನೆಗಮಂನ ಇಬ್ಬರು ನೇಕಾರರಿಗೆ ಕೊಟ್ಟು ನೋಡಿ. ಅವರು ನೂಲಿನ ದರದಿಂದ ಶುರುಮಾಡಿದರೆ ‘ವಿಷಯಕ್ಕೆ ಬನ್ನಿ’ ಎಂದು ಚೀಟಿ ಕಳಿಸಬೇಡಿ.