ಬಿದ್ದರೂ ಇಪ್ಪತ್ತೇ!

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ಆ ಜಟ್ಟಿಯ ವಂಶಸ್ಥರು ಈಗ ಕಂಪ್ಯೂಟರ್ ಆಟಗಳ ಲೋಕವಾದ ರಾಬ್ಲಾಕ್ಸ್‌ನಲ್ಲಿ ನೆಲೆಸಿದ್ದಾರೆ. ನಮ್ಮಣ್ಣನ ಮಗ ಅದರಲ್ಲೊಂದು ಆಟ ಕಟ್ಟುತ್ತಿದ್ದಾನೆ. ಕಂಬ ಉರುಳಬೇಕು, ಉರುಳಿದ ಮೇಲೆ ಗಿಡ್ಡಗಿದ್ದರೆ ಆಟಗಾರ ಹಾರಿ ದಾಟಬಹುದು, ಇಲ್ಲದಿದ್ದರೆ ಸುತ್ತಿಕೊಂಡು ಹೋಗಬೇಕು. ಕಂಬದ ದಪ್ಪ 2 ಸ್ಟಡ್, ಎತ್ತರ 20. ಸ್ಟಡ್ ಅಂದರೆ ಆ ಲೋಕದ ಅಡಿ, ಮೊಳ. ಕಂಬವೇನೋ ದಢಾರನೆ ಬಿತ್ತು. ‘ಈಗ ಎಷ್ಟೆತ್ತರ ಇದ್ದೀಯಪ್ಪಾ?’ ಎಂದು ಸೈಜ್.ವೈ ಕೇಳಿದರೆ, ಮಲಗಿದಲ್ಲಿಂದಲೇ ‘20!’

“ಚಿಕ್ಕಪ್ಪಾ, ಇದು ಸುಳ್ಳು ಹೇಳುತ್ತೆ.”

ಸುಳ್ಳಲ್ಲ ಮಾರಾಯಾ. ಸೈಜ್ ಎಂಬುದು ದರ್ಜಿ ತೆಗೆದುಕೊಂಡ ಅಳತೆ. ಮಧ್ಯಾಹ್ನ ಮಲಗಿದ್ದಾಗ ಎಬ್ಬಿಸಿ ಕೇಳಿದರೆ ನಾನೂ ಐದೂವರೆ ಅಡಿ ಎಂದೇ ಹೇಳುತ್ತೇನೆ. ಮೇಲೆ ತಿರುಗುವ ಫ್ಯಾನನ್ನು ಕೇಳಿ ನೋಡು, ನನ್ನ ಹೊಟ್ಟೆ ಎಷ್ಟೆತ್ತರವೋ ನಾನೂ ಅಷ್ಟೇ ಎತ್ತರ. ಲೋಕದ ಲೆಕ್ಕ ಬೇಕಾದರೆ ಕಂಬದ ಮೂರೂ ಅಂಚುಗಳನ್ನು ಬೇರೆಬೇರೆಯಾಗಿ ವಿಚಾರಿಸಬೇಕು: ನೀನು ಆಕಾಶದ ಕಡೆಗೆ ಎಷ್ಟು ವಾಲಿದ್ದೀಯಾ? ರೈಟ್‌ವೆಕ್ಟರ್, ಅಪ್‌ವೆಕ್ಟರ್, ಲುಕ್‌ವೆಕ್ಟರ್ ಮೂವರ ವೈ ತೆಗೆದು, ಅವರವರ ಉದ್ದಕ್ಕೆ ಗುಣಿಸಿ ಕೂಡಿದರೆ ಎತ್ತರ. ಬಿದ್ದ ಕಂಬಕ್ಕೆ 2 ಬಂತು. ಹುಡುಗ ಕುಣಿದ.

ಕಂಬ ತಲೆಕೆಳಗಾದಾಗ ಮೈನಸ್ 20 ಬಂತು. ಕಂಬ ನೆಟ್ಟೆಯೋ ಬಾವಿ ತೋಡಿದೆಯೋ ಎಂದು ಕೇಳಿದೆ. ಗುಣಿಸುವ ಮೊದಲು ಮ್ಯಾಥ್.ಆ್ಯಬ್ಸ್ ಹಾಕಿ ಮೈನಸ್ ಕಳಚುವುದನ್ನು ಮರೆತಿದ್ದ.

ಆಮೇಲೆ ಅವನಿಗೆ ನಿಜವಾದ ಅನುಮಾನ ಶುರುವಾಯಿತು. ನೆಟ್ಟಗಿದ್ದಾಗ 20, ಆರು ಡಿಗ್ರಿ ವಾಲಿಸಿದರೆ 20.1. “ವಾಲಿದ್ದು ಬೆಳೆಯೋದುಂಟಾ?”

ಇದನ್ನು ನಾನು ಯಾವ ಕಂಪ್ಯೂಟರೂ ಇಲ್ಲದೆ ಕಲಿತವನು. ಮನೆ ಬದಲಿಸಿದ ದಿನ ಬೀರುವನ್ನು ಪಕ್ಕಕ್ಕೆ ಮಲಗಿಸಿ ಒಳಗೆ ತಂದೆವು. ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಅಟ್ಟ ಇದ್ದದ್ದು ಏಳಡಿಗೆ. ಅರ್ಧ ಅಡಿ ಮಿಗುತ್ತೆ ಎಂದು ನಾನೇ ಟೇಪು ಹಿಡಿದು ಭರವಸೆ ಕೊಟ್ಟಿದ್ದೆ. ಎತ್ತಿ ನಿಲ್ಲಿಸುವಾಗ, ಇನ್ನೇನು ಮೂವತ್ತೇಳು ಡಿಗ್ರಿ ಉಳಿದಿದೆ ಎನ್ನುವಷ್ಟರಲ್ಲಿ, ಮೂಲೆ ಟಣ್ಣನೆ ಅಟ್ಟಕ್ಕೆ ಹೊಡೆಯಿತು. ಇಪ್ಪತ್ತೈದು ಡಿಗ್ರಿ ಓರೆಗೆ ಬರುವ ಹೊತ್ತಿಗೆ ಅದಕ್ಕೆ ಏಳಡಿ ಎರಡಂಗುಲ ಬೇಕಿತ್ತು! ಹೊತ್ತವರು ಟೇಪನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಅಷ್ಟರಲ್ಲಿ ಹುಡುಗನ ಗೆಳೆಯನ ಫೋನು. ಅವನು ಯೂನಿಟಿ ಎಂಬ ಇನ್ನೊಂದು ಆಟ ಕಟ್ಟುವ ಸಾಧನದ ಪಂಗಡದವನು. “ನಮ್ಮಲ್ಲಿ ಈ ಗುಣಾಕಾರ ಎಲ್ಲ ಬೇಡ. ರೆಂಡರರ್.ಬೌಂಡ್ಸ್ ಅಂದ್ರೆ ಸಾಕು, ಲೋಕದ ಎತ್ತರ ಕೈಗೆ ಬರುತ್ತೆ.” ಹೌದು, ಬರುತ್ತೆ. ಒಂದು ಗೋಳ ಇಟ್ಟು 45 ಡಿಗ್ರಿ ಮುಂದಕ್ಕೆ ಉರುಳಿಸಿ ನೋಡಪ್ಪಾ ಎಂದೆ. ಒಂದು ಯೂನಿಟ್ಟಿನ ಗೋಳ 1.41 ಆಯಿತು. ಅದು ಅಳೆಯುವುದು ಗೋಳವನ್ನಲ್ಲ, ಗೋಳಕ್ಕೆ ತೊಡಿಸಿದ ಕಾಣದ ಪೆಟ್ಟಿಗೆಯನ್ನು. ಪೆಟ್ಟಿಗೆ ಓರೆಯಾದರೆ ನಮ್ಮ ಬೀರುವಿನದೇ ಕಥೆ. ಡಿಕ್ಕಿಯ ಲೆಕ್ಕ ನೋಡುವ ಕೊಲೈಡರ್‌ನ ಬೌಂಡ್ಸ್ ಕೇಳಿದ್ದರೆ ನೆಟ್ಟಗೆ 1 ಎನ್ನುತ್ತಿತ್ತು.

“ಉರುಳಿದರೆ ದಪ್ಪಗಾಗೋ ಚೆಂಡು ನಿಮ್ಮಲ್ಲಿ ಮಾತ್ರ ಸಿಗುತ್ತೆ ಬಿಡೋ” ಎಂದು ನಮ್ಮ ಹುಡುಗ ಕಿಸಕ್ಕೆಂದ. ಆ ಕಡೆಯಿಂದ ಫೋನು ಕಟ್ಟಾಯಿತು.