ಬದುವಿನ ಮೇಲೆ ಮ್ಯಾನೇಜರು

ವಿದೇಶದಲ್ಲಿರುವ ಮಗನ ಮನೆಗೆ ಹೋಗಿಬಂದ ತಂದೆಯರಲ್ಲಿ ಹಲವು ಪಂಗಡಗಳಿವೆ. ಡಿಶ್‌ವಾಷರ್ ಮಹಿಮೆ ಹಾಡುವವರದು ಒಂದು. ಅಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ ಎಂದು ಇಲ್ಲಿ ಹಾರ್ನ್ ಹೊಡೆಯುತ್ತಲೇ ಹೇಳುವವರದು ಇನ್ನೊಂದು. ಇವರಿಂದ ಅಪಾಯವಿಲ್ಲ, ಒಂದು ಮಳೆಗಾಲ ಕಳೆಯುವುದರೊಳಗೆ ಸರಿಹೋಗುತ್ತಾರೆ. ವಾಸಿಯಾಗದೆ ಉಳಿಯುವುದು ಇಂಗ್ಲೆಂಡಿನ ಹೊಲಗಳಲ್ಲಿ ನಾಯಿ ಹಿಡಿದು ನಡೆದು ಬಂದವರ ಕಾಯಿಲೆ. ಅಂಥವರು ನಿವೃತ್ತರಾಗಿ, ಊರಿನ ಹಳೇ ಮನೆಗೆ ಸುಣ್ಣ ಹೊಡೆಸಿಕೊಂಡು ಬಂದು ನೆಲೆಸಿದರಂತೂ ಮುಗಿಯಿತು. ಪಾಂಡವಪುರದ ಸುತ್ತಲ ಹಳ್ಳಿಯೊಂದರಲ್ಲಿ ಇಂಥವರೊಬ್ಬರಿದ್ದಾರೆ. ಬ್ಯಾಂಕು ಬಿಟ್ಟು ಎಷ್ಟೋ ಕಾಲವಾದರೂ ಊರಿಗೆ ಅವರು ಮ್ಯಾನೇಜರೇ. ಸಾಲ ಕೊಡುವ ಅಧಿಕಾರ ಹೋದ ಮೇಲೆ ಮರ್ಯಾದೆ ಒಂಚೂರು ತಗ್ಗಿದೆ, ಅಷ್ಟೆ.

ಬೆಳಗಾಗುತ್ತಲೇ ಪಾಂಡವಪುರಕ್ಕೆ ಹೊರಡುತ್ತಾರೆ. ಬಸ್ಸಿದೆ, ಆಟೋ ಇದೆ, ಮನೆಯಲ್ಲೇ ಸ್ಕೂಟರಿದೆ. ಆದರೆ ಇವರು ಹೋಗುವುದು ಗದ್ದೆಬಯಲಲ್ಲಿ ಅಡ್ಡಹಾಯ್ದು. ಹಿಮಕ್ಕೂ ಜಗ್ಗದ ಬೂಟು, ಎರಡು ಕೈಗೂ ಒಂದೊಂದು ಕೋಲು, ಬೆನ್ನಿಗೆ ಚೀಲ, ಮುಂದೆ ಬ್ರೂನೋ. ತಾಯಿಯ ಕಡೆಯಿಂದ ಅದು ಮುಧೋಳ ತಳಿ ಎಂಬುದು ಮ್ಯಾನೇಜರ ವಾದ. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂದದ್ದನ್ನೂ ಅದು ಸೈನ್ಯ ಸೇರಿದ್ದನ್ನೂ ಅವರು ವಿವರಿಸುತ್ತಿದ್ದರೆ ಬ್ರೂನೋ ಕೂತು ಕಿವಿ ಕೆರೆದುಕೊಳ್ಳುತ್ತದೆ. ಅದರ ತಾಯಿ ಯಾರೆಂದು ಊರಿಗೆಲ್ಲ ಗೊತ್ತು. ಹಾಲಿನ ಡೈರಿ ಮುಂದೆ ಮಲಗಿರುವ ಕೆಂಚಿ. ಮಗನನ್ನು ಜನ ಈಗಲೂ ‘ಕರಿಯಾ’ ಎಂದೇ ಕೂಗುತ್ತಾರೆ, ಅದೂ ಆ ಹೆಸರಿಗೇ ಬೇಗ ತಿರುಗುತ್ತದೆ.

ಇಂಗ್ಲೆಂಡಿನಲ್ಲಿ ಹೊಲ ಯಾರದೇ ಆಗಿರಲಿ, ಅದರೊಳಗೆ ಹಾಯುವ ಸಾರ್ವಜನಿಕ ಕಾಲುದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ದಾರಿ ತೋರಲು ಹಳದಿ ಬಾಣಗಳಿರುತ್ತವೆ. ಹೊಲದ ನಡುವಿನ ದಾರಿಯನ್ನು ರೈತ ಉತ್ತು ಕೆಡಿಸಿದರೆ, ಬಿತ್ತನೆಯ ಕಾಲದಲ್ಲಿ ಹದಿನಾಲ್ಕು ದಿನದೊಳಗೆ ಸರಿಮಾಡಿಕೊಡಬೇಕು. ಇದೆಲ್ಲ ಮ್ಯಾನೇಜರಿಗೆ ಬಾಯಿಪಾಠ. ‘ನಮ್ಮಲ್ಲೂ ನಕಾಶೆ ಕಂಡ ದಾರಿ ಅಂತ ಇದೆಯಲ್ಲ’ ಎಂದು ಗ್ರಾಮ ನಕಾಶೆಯ ಪ್ರತಿ ತೆಗೆಸಿ, ಪ್ಲಾಸ್ಟಿಕ್ ಹಾಕಿಸಿ ಚೀಲದಲ್ಲಿಟ್ಟಿದ್ದಾರೆ. ನಕಾಶೆಯಲ್ಲಿ ಚುಕ್ಕೆ ಗೆರೆ ಇರುವ ಕಡೆ ನೆಲದ ಮೇಲೆ ಇರುವುದೊಂದು ಬದು. ಆಚೆಯವನೂ ಈಚೆಯವನೂ ವರ್ಷಾವರ್ಷ ನಾಟಿಗೆ ಮುಂಚೆ ಗುದ್ದಲಿಯಲ್ಲಿ ಕೆತ್ತಿ ಕೆತ್ತಿ ಅದೀಗ ಅಂಗೈಯಗಲಕ್ಕೆ ಬಂದಿದೆ. ಕರಿಯನಿಗೆ ಧಾರಾಳ. ಮ್ಯಾನೇಜರಿಗೆ ಒಂದು ಕಾಲು ಬದುವಿನ ಮೇಲೆ, ಇನ್ನೊಂದು ಕೆಸರಿನಲ್ಲಿ. ಆ ಭಂಗಿಯಲ್ಲೇ ನಿಂತು ಅವರು 1882ರ ಈಸ್‌ಮೆಂಟ್ ಕಾಯ್ದೆ ತೆಗೆಯುತ್ತಾರೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಯನ್ನು ಮುಚ್ಚುವಂತಿಲ್ಲ ಎನ್ನುತ್ತಾರೆ.

“ಇಪ್ಪತ್ತೊರ್ಸ ನೀವು ಬೆಂಗ್ಳೂರಲ್ಲಿದ್ರಲ್ಲ ಸಾ, ನಡ್ದೋರ್ಯಾರು?” ಎಂದು ಗದ್ದೆಯವನು ನೀರು ತಿರುಗಿಸಲು ಹೋಗುತ್ತಾನೆ.

ಹಾಲಿನ ತಳಿಯ, ಹತ್ತು ತಿಂಗಳು ದಾಟಿದ ಹೋರಿಯನ್ನು ಕಾಲುದಾರಿಯಿರುವ ಹೊಲದಲ್ಲಿ ಬಿಡಬಾರದೆಂದು ಅಲ್ಲಿ 1981ರ ಕಾಯ್ದೆಯಿದೆ. ಹಳ್ಳಿಕಾರ್ ಹೋರಿಗೆ ಅದು ಅನ್ವಯಿಸುವುದಿಲ್ಲ ಎಂಬುದು ಮ್ಯಾನೇಜರಿಗೆ ಒಂದು ದಿನ ತೆಂಗಿನ ಮರ ತಬ್ಬಿಕೊಂಡು ನಿಂತಾಗ ಮನದಟ್ಟಾಯಿತು. ಮುಧೋಳದ ವಂಶೋದ್ಧಾರಕ ಅಷ್ಟರಲ್ಲಿ ನಾಲೆಯ ಏರಿ ಹತ್ತಿಯಾಗಿತ್ತು.

ನಮ್ಮ ಕಡೆ ಒಬ್ಬ ಸ್ಥಿತಿವಂತ ಸುಮ್ಮನೆ ನಡೆಯುವುದಕ್ಕೆ ಎರಡೇ ಕಾರಣ. ಗಾಡಿ ಕೆಟ್ಟಿರಬೇಕು, ಇಲ್ಲವೇ ಶುಗರ್ ಬಂದಿರಬೇಕು. ಹಾಗಾಗಿ ಎದುರಾದವರೆಲ್ಲ ಮೊದಲು ಗಾಡಿ ವಿಚಾರಿಸಿದರು, ಆಮೇಲೆ ಮೆಂತ್ಯದ ಕಾಳು, ಹಾಗಲಕಾಯಿ ರಸ ಹೇಳಿಕೊಟ್ಟರು. ಎರಡೂ ಅಲ್ಲ ಎಂದು ಗೊತ್ತಾದ ಮೇಲೆ ಅನುಮಾನ ಶುರುವಾಯಿತು. ಅದೇ ಹೊತ್ತಿಗೆ ಒಂದು ಬೆಳಿಗ್ಗೆ ಮ್ಯಾನೇಜರು ಕಬ್ಬಿನ ಗದ್ದೆಯ ಮೂಲೆಯಲ್ಲಿ ನಕಾಶೆ ಬಿಡಿಸಿ, ಕೋಲು ನೆಟ್ಟು, ಕುಂತಿಬೆಟ್ಟದ ಕಡೆ ಒಂದು ಕಣ್ಣು ಮುಚ್ಚಿ ನೋಡಿದರು. ದಿಕ್ಕು ತಪ್ಪಿತ್ತು, ಪಾಪ. ಮಧ್ಯಾಹ್ನದ ಹೊತ್ತಿಗೆ ಬೈಪಾಸ್ ರಸ್ತೆಗೆ ಸರ್ವೆ ಆಗುತ್ತಿದೆ ಎಂಬ ಸುದ್ದಿ ಆಲೆಮನೆ ತಲುಪಿತು. ಸಂಜೆಗೆ ಗುಂಟೆಯ ರೇಟು ಏರಿತು. ಮಾರನೆಯ ದಿನ ಬದುವಿನುದ್ದಕ್ಕೂ ರಾತ್ರೋರಾತ್ರಿ ತೆಂಗಿನ ಸಸಿಗಳು ಎದ್ದಿದ್ದವು. ಫಸಲಿನ ಮರಕ್ಕೆ ಪರಿಹಾರ ಜಾಸ್ತಿಯಲ್ಲವೆ? ಈಸ್‌ಮೆಂಟ್ ಕೇಳದೆ ನೀರು ತಿರುಗಿಸಲು ಹೋಗಿದ್ದವನೇ ಎಳನೀರು ಕೆತ್ತಿ ಕೊಟ್ಟು, “ನಮ್ದು ಬರೀ ಆರು ಗುಂಟೆ ಸಾ, ಪೂರ್ತಿ ತಗಂಡ್ಬುಡಿ” ಎಂದ. ಮ್ಯಾನೇಜರು ಎಷ್ಟು ಆಣೆ ಇಟ್ಟರೂ ಯಾರೂ ನಂಬಲಿಲ್ಲ. ನಿಜವಾದ ಸರ್ವೆಯವರೂ ಮೊದಲು ಹಾಗೇ ಅನ್ನುತ್ತಾರಂತೆ.

ಹೀಗೆ ಪಾಂಡವಪುರ ಮುಟ್ಟುತ್ತಾರೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಇದಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತೆಂದು ಮ್ಯಾನೇಜರು ನಾಯಿಗೆ ತಿಳಿಸುತ್ತಾರೆ. ಬಸ್ ಸ್ಟ್ಯಾಂಡಿನ ನಾಯಿಗಳಿಗೆ ಚರಿತ್ರೆ ಬೇಡ, ಸರಹದ್ದು ಮುಖ್ಯ. ಹೋಟೆಲಿನ ಬಾಗಿಲವರೆಗೂ ಕರಿಯ ಮ್ಯಾನೇಜರ ಎರಡು ಕಾಲಿನ ನಡುವೆಯೇ ನಡೆಯುತ್ತದೆ. ಒಳಗೆ ಅವರಿಗೆ ಇಡ್ಲಿ, ಕಾಫಿ. ಹೊರಗೆ ಅದಕ್ಕೆ ಸಪ್ಪೆ ಇಡ್ಲಿ ಎರಡು. ಆಮೇಲೆ ಮನೆಯವರ ಅಪ್ಪಣೆಯಂತೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು. ಅದು ಬೆಳಿಗ್ಗೆ ಇವರು ಎಡವಿ ಬಿದ್ದ ಮಡಿಯದೇ. ಇವರಿಗಿಂತ ಮೊದಲು ಟಿವಿಎಸ್‌ನಲ್ಲಿ ಪೇಟೆಗೆ ಬಂದಿರುತ್ತದೆ.

ಆ ಕಡೆ ನಿಮಗೆ ಇಂಥವರು ಸಿಕ್ಕರೆ ಒಂದು ಉಪಕಾರ ಮಾಡಿ. ಬೆಳಿಗ್ಗೆ ಹೋಗುವಾಗ ಗಾಡಿ ನಿಲ್ಲಿಸಿ “ಹತ್ಕಳಿ ಸಾ” ಅನ್ನಬೇಡಿ, ಇಂಗ್ಲೆಂಡಿನ ಮೇಲೆ ಒಂದು ಉಪನ್ಯಾಸ ಕೇಳಬೇಕಾಗುತ್ತದೆ. ಹನ್ನೊಂದರ ಬಿಸಿಲಲ್ಲಿ ವಾಪಸು ಬರುವಾಗ ಮಾತ್ರ ತಪ್ಪದೆ ನಿಲ್ಲಿಸಿ. ನಾಯಿಗೆ ಸುಸ್ತಾಗಿದೆ ಎನ್ನುತ್ತಾ ಮೊದಲು ಅವರೇ ಹತ್ತುತ್ತಾರೆ.